ಮಳ್ಳ ಯಾರು, ಮರುಳು ಯಾರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕುಗಳ ಯಾವ ಊರಿಗೆ ಹೋದರೂ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಒಂದು ಬೈಗುಳ ಇದೆ: ಮಳ್ಳ. “ಏನ್ ಮಳ್ಳ ಅದಿಯೋ ಮಾರಾಯಾ”, “ಮಳ್ಳನಂಗ ಮಾಡಬ್ಯಾಡ”, “ಅವಗ ಮಳ್ಳ ಹಿಡದೈತಿ ಬಿಡ್ರಿ”. ಬೈಗುಳ ಅಂದೆ ನಿಜ, ಆದರೆ ಇದರಲ್ಲಿ ವಿಷ ಇಲ್ಲ. ತಾಯಿ ಮಗನಿಗೆ ಅಂತಾಳೆ, ಹೆಂಡತಿ ಗಂಡನಿಗೆ ಅಂತಾಳೆ, ಗೆಳೆಯ ಗೆಳೆಯನಿಗೆ ಅಂತಾನೆ. ಹುಚ್ಚ ಅಂದರೆ ಜಗಳ ಆಗುತ್ತದೆ, ಮಳ್ಳ ಅಂದರೆ ನಗು ಬರುತ್ತದೆ.

ಬೆಂಗಳೂರಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ಈ ಮಾತು ಬಾಯಿಗೆ ಬಂದಾಗ ಮೈಸೂರು ಕಡೆಯ ಒಬ್ಬರು “ಮಳ್ಳ ಅಂದ್ರೆ ಏನೂ ಗೊತ್ತಿಲ್ಲದವನ ಥರ ನಾಟಕ ಮಾಡೋನು ತಾನೇ?” ಅಂದರು. ಅವರ ತಲೆಯಲ್ಲಿ ಇದ್ದದ್ದು ಮಂಚಕ್ಕೆ ಎಷ್ಟು ಕಾಲು ಅಂತ ಕೇಳಿದರೆ ಮೂರು ಮತ್ತೊಂದು ಅನ್ನುವ ಗಾದೆಯ ಮಳ್ಳಿ. ಮಂಗಳೂರಿನ ಇನ್ನೊಬ್ಬರು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, “ನಮ್ಮ ತುಳುವಲ್ಲಿ ಮರ್ಲ್ ಅಂದ್ರೆ ಹುಚ್ಚು, ಮರ್ಲೆ ಅಂದ್ರೆ ಹುಚ್ಚ” ಅಂದರು. ಅಲ್ಲಿಗೆ ಮೂರು ಊರಿನ ಮೂವರು ಒಂದೇ ಶಬ್ದದ ಮೂರು ತುಂಡು ಹಿಡಿದುಕೊಂಡು ಕೂತಿದ್ದರು.

ಆ ಶಬ್ದ ಮರುಳು.

ಮರುಳ ಹೇಗೆ ಮಳ್ಳ ಆಯಿತು ಎಂಬುದಕ್ಕೆ ದೊಡ್ಡ ವ್ಯಾಕರಣ ಬೇಡ. ನಮ್ಮ ಕಡೆಯ ಯಾವುದಾದರೂ ಅಡುಗೆಮನೆಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಕರುಳು ಅಲ್ಲಿ ಕಳ್ಳು, ಅದಕ್ಕೇ ಕಳ್ಳುಬಳ್ಳಿ. ಕೊರಳು ಕೊಳ್ಳು. ನೆರಳು ನೆಳ್ಳು. ಹುರುಳಿ ಹುಳ್ಳಿ. ಪಂಚಮಿಗೆ ಹುರಿಯುವ ಅರಳು ಅಳ್ಳು. ಹೊರಳಿ ಬಾ ಅನ್ನುವುದು ಹೊಳ್ಳಿ ಬಾ. ರಕಾರದ ಬೆನ್ನಿಗೇ ಳಕಾರ ಬಂದಲ್ಲೆಲ್ಲ ರ ಕರಗುತ್ತದೆ, ಳ ಒತ್ತಾಗುತ್ತದೆ. ಒಂದು ಸಾಲಿನ ರೆಜೆಕ್ಸ್ ಬರೆದು ಇಡೀ ತಾಲೂಕಿನ ಮಾತನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಬಹುದು, ಅಷ್ಟು ಶಿಸ್ತಾಗಿದೆ ಈ ನಿಯಮ. ನಮ್ಮ ಮಾತನ್ನು ಕೆಟ್ಟ ಕನ್ನಡ ಅಂತ ನಕ್ಕವರಿಗೆ ಈ ಶಿಸ್ತು ಯಾವತ್ತೂ ಕಾಣಲಿಲ್ಲ, ಅದು ಬೇರೆ ಮಾತು.

ಇನ್ನು ಮರುಳು. ಇವತ್ತು ಪೇಪರಿನಲ್ಲಿ, ಟೀವಿಯಲ್ಲಿ ಈ ಶಬ್ದ ಎರಡೇ ಕೆಲಸಕ್ಕೆ ಬರುತ್ತದೆ. ಒಂದು ಮರುಳಾಗು: ಚೆಲುವಿಗೆ ಮರುಳಾದ, ಜಾಹೀರಾತಿಗೆ ಮರುಳಾದ. ಇನ್ನೊಂದು ಮರುಳು ಮಾಡು: ಚುನಾವಣೆ ಬಂದಾಗಲೆಲ್ಲ ಯಾರೋ ಯಾರನ್ನೋ ಮಾಡುತ್ತಿರುತ್ತಾರೆ. ಆದರೆ ಹಳಗನ್ನಡದ ಮರುಳ್‌ಗೆ ಇವೆರಡರ ಜೊತೆ ಇನ್ನೊಂದು ಅರ್ಥ ಇತ್ತು. ಪಿಶಾಚಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆಗೆದು ನೋಡಿ, ಗೊಂದಲ, ಹುಚ್ಚು, ಪಿಶಾಚಿ ಎಲ್ಲ ಒಂದೇ ಶಬ್ದದ ಕೆಳಗೆ ಸಾಲಾಗಿ ನಿಂತಿವೆ. ಅಕ್ಕಪಕ್ಕದ ಮನೆಗಳಲ್ಲೂ ಇದರ ನೆಂಟರಿದ್ದಾರೆ. ತಿರುಕ್ಕುರಳ್ ಇದೇ ಶಬ್ದವನ್ನು ದಿಟವಲ್ಲದ್ದನ್ನು ದಿಟ ಅಂದುಕೊಳ್ಳುವ ಮಂಪರಿಗೆ ಬಳಸುತ್ತದೆ. ತಮಿಳು ಹಳ್ಳಿಗಳಲ್ಲಿ ಮೈಮೇಲೆ ದೇವರು ಬರುವವನು ಮರುಳಾಡಿ. ತೆಲುಗಿನ ಮರುಲು ಪ್ರೀತಿಯ ಹುಚ್ಚು. ಎಲ್ಲ ಕಡೆ ಒಳಗಿನ ಗೊಂದಲ ಇದ್ದೇ ಇದೆ. ಆದರೆ ಆ ಗೊಂದಲಕ್ಕೆ ಕೈಕಾಲು, ಹಲ್ಲು, ಹಸಿವು ಕೊಟ್ಟು ರಣರಂಗದಲ್ಲಿ ಓಡಾಡಿಸಿದ್ದು ಹಳಗನ್ನಡದ ಕವಿಗಳು. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಾಡಿಸಿದವನು ನಮ್ಮ ಕಡೆಯವನು.

ನಮ್ಮ ಕಡೆ ಅಂದರೆ ಅಥಣಿಯಿಂದ ಹೊರಟು ಕೃಷ್ಣೆ ದಾಟಿ, ಜಮಖಂಡಿ ಹಾದರೆ ಸಿಗುವ ಮುಧೋಳ. ರನ್ನ ಹುಟ್ಟಿದ್ದು ಅಲ್ಲಿ, 949ರಲ್ಲಿ, ಬಳೆಗಾರರ ಮನೆಯಲ್ಲಿ. ಜೈನ. ಇವತ್ತಿಗೂ ಕಾಗವಾಡ, ಶೇಡಬಾಳ, ಸದಲಗಾ ಕಡೆ ಕಬ್ಬು ಬೆಳೆಯುವ ಜೈನ ಒಕ್ಕಲಿಗರ ಮನೆಗಳು ಬೇಕಾದಷ್ಟಿವೆ, ಹಾಗಾಗಿ ರನ್ನ ನಮಗೆ ಪಠ್ಯಪುಸ್ತಕದ ಕವಿಯಷ್ಟೇ ಅಲ್ಲ, ಹಿಂದೊಂದು ಕಾಲದ ಸೋದರಮಾವನ ಹಾಗೆ. 993ರಲ್ಲಿ ಅತ್ತಿಮಬ್ಬೆಗಾಗಿ ಅಜಿತಪುರಾಣ ಬರೆದವನು, ಚಾಲುಕ್ಯ ಸತ್ಯಾಶ್ರಯನಿಗಾಗಿ ಗದಾಯುದ್ಧ ಬರೆದ.

ಗದಾಯುದ್ಧದ ಕಥೆ ಯುದ್ಧ ಬಹುತೇಕ ಮುಗಿದ ಮೇಲೆ ಶುರುವಾಗುತ್ತದೆ. ಹದಿನೇಳು ದಿನ ಕಳೆದಿದೆ. ತಮ್ಮಂದಿರಿಲ್ಲ, ಮಗ ಇಲ್ಲ, ಕರ್ಣ ಇಲ್ಲ. ದುರ್ಯೋಧನ ಸಂಜಯನನ್ನು ಜೊತೆಗೆ ಕರೆದುಕೊಂಡು, ಬಾಣದ ಹಾಸಿಗೆಯ ಮೇಲಿರುವ ಭೀಷ್ಮನನ್ನು ಕಾಣಲು ಹೆಣಗಳ ನಡುವೆ ನಡೆದು ಹೋಗುತ್ತಾನೆ. ದಾರಿಯಲ್ಲಿ ಒಬ್ಬೊಬ್ಬರೇ ಸಿಗುತ್ತಾರೆ, ಹೆಣವಾಗಿ. ಈ ನಡಿಗೆಯ ಹೊತ್ತಲ್ಲೇ ಮರುಳುಗಳೂ ಸಿಗುತ್ತವೆ. ಅವಕ್ಕೆ ಅಂದು ಹಬ್ಬ. ರಕ್ತ, ಕರುಳು, ಮಿದುಳು, ಏನು ಬೇಕೋ ಅದು. ಹೆಣಗಳ ಮೇಲೆ ಎಡವುತ್ತ ಬರುವ ಅರಸನನ್ನು ಕಂಡು ಅವು ಹೆದರುವುದಿಲ್ಲ. ಯಾಕೆ ಹೆದರಬೇಕು? ಊಟ ಹಾಕಿಸಿದವನೇ ಅವನು.

ಈ ಭಾಗವನ್ನು ನಮ್ಮ ಮೇಷ್ಟ್ರುಗಳು ಪಾಠ ಮಾಡುವುದು ಒಂದೇ ರೀತಿ: ಇದು ಬೀಭತ್ಸ ರಸ, ನಡುವೆ ಸ್ವಲ್ಪ ಹಾಸ್ಯ, ಪರೀಕ್ಷೆಗೆ ಐದು ಅಂಕ. ಪುಸ್ತಕದ ಅಡಿಯಲ್ಲಿ ಅರ್ಥ ಕೊಟ್ಟಿರುತ್ತಾರೆ, ಮರುಳ್ = ಪಿಶಾಚಿ. ಮುಂದಿನ ಪದ್ಯಕ್ಕೆ ಬಂದರೆ, ಮರುಳ್ = ಹುಚ್ಚ. ಎರಡೂ ಸರಿಯೇ. ಆದರೆ ಹಾಗೆ ಎರಡು ಅಡಿಟಿಪ್ಪಣಿ ಬರೆದ ಕ್ಷಣವೇ ಪದ್ಯ ಸತ್ತುಹೋಗುತ್ತದೆ ಅನ್ನುವುದು ನನ್ನ ತಕರಾರು. ಯಾಕೆಂದರೆ ಅಲ್ಲಿ ನಡೆಯುವುದೆಲ್ಲ ಆ ಒಂದು ಶಬ್ದದ ಮೇಲೆ. ಅರಸ ಅದನ್ನು ಮರುಳು ಎಂದು ಕಾಣುತ್ತಾನೆ. ಅದು ಆ ಶಬ್ದವನ್ನು ಹಿಡಿದು ವಾಪಸ್ ಅವನ ಮೇಲೇ ಎಸೆಯುತ್ತದೆ. ಹೆಣ ತಿನ್ನುವ ತಾನು ಮರುಳೋ, ಹಟಕ್ಕೆ ಬಿದ್ದು ಇಷ್ಟು ಹೆಣ ಬೀಳಿಸಿದ ಅವನು ಮರುಳೋ ಅನ್ನುವ ಪ್ರಶ್ನೆ ಅರಸನ ಮುಂದೆ ನಿಂತುಬಿಡುತ್ತದೆ. ಪಿಶಾಚಿ ಅನ್ನುವ ಶಬ್ದ ಇಟ್ಟುಕೊಂಡು ಈ ಪ್ರಶ್ನೆ ಕೇಳಲು ಆಗುವುದಿಲ್ಲ. ದುರ್ಯೋಧನ ಪಿಶಾಚಿ ಅಲ್ಲವಲ್ಲ. ಹುಚ್ಚ ಅನ್ನುವ ಶಬ್ದ ಇಟ್ಟುಕೊಂಡೂ ಆಗುವುದಿಲ್ಲ, ಆ ಪಿಶಾಚಿಗೆ ಹುಚ್ಚಿಲ್ಲ, ಅದಕ್ಕೆ ತನ್ನ ಕೆಲಸ ಚೆನ್ನಾಗಿ ಗೊತ್ತು. ಹೊರಗಿನ ಕಾಟ ಮತ್ತು ಒಳಗಿನ ಕಾಟ ಎರಡಕ್ಕೂ ಒಂದೇ ಹೆಸರು ಇರುವ ಭಾಷೆಯಲ್ಲಿ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ.

ಇನ್ನೂ ಒಂದು ಮಾತು. ರನ್ನನ ಮತದಲ್ಲಿ ಪಿಶಾಚಿಗಳು ಸುಳ್ಳಲ್ಲ. ಜೈನರ ಲೆಕ್ಕದಲ್ಲಿ ಭೂತ, ಪಿಶಾಚ, ಯಕ್ಷ, ರಾಕ್ಷಸ ಎಲ್ಲ ವ್ಯಂತರ ಅನ್ನುವ ಒಂದು ವರ್ಗ, ಜೀವಿಗಳ ಪಟ್ಟಿಯಲ್ಲಿ ಅವಕ್ಕೂ ಒಂದು ಸಾಲು ಇದೆ. ಅದೇ ಮತದಲ್ಲಿ ಎಲ್ಲಕ್ಕಿಂತ ದೊಡ್ಡ ಕಾಟ ಮಿಥ್ಯಾತ್ವ, ಅಂದರೆ ತಪ್ಪು ನೋಟ. ದೆವ್ವ ಇದೆಯೋ ಇಲ್ಲವೋ ಅನ್ನುವುದು ರನ್ನನಿಗೆ ಪ್ರಶ್ನೆಯೇ ಅಲ್ಲ. ಇರಲಿ ಬಿಡಿ, ಅದು ತನ್ನಷ್ಟಕ್ಕೆ ಹೆಣ ತಿಂದುಕೊಂಡು ಇದೆ, ನಿನ್ನ ಕಣ್ಣಿಗೆ ಏನಾಗಿದೆ ನೋಡು ಅನ್ನುವುದು ಅವನ ವರಸೆ. ಬಿ.ಎಂ.ಶ್ರೀ 1926ರಲ್ಲಿ ಇದೇ ಕಾವ್ಯದಿಂದ ಗದಾಯುದ್ಧ ನಾಟಕಂ ಕಟ್ಟಿದಾಗ ಅವರ ಕಣ್ಣು ಗ್ರೀಕ್ ದುರಂತದ ಮೇಲಿತ್ತು, ಬೀಳುವ ನಾಯಕನ ಘನತೆಯ ಮೇಲಿತ್ತು. ಒಳ್ಳೆಯದೇ. ಆದರೆ ನನಗೆ ಆ ಘನತೆಗಿಂತ ಅದಕ್ಕೆ ಸೂಜಿ ಚುಚ್ಚುವ ಮರುಳು ಹೆಚ್ಚು ಹತ್ತಿರ. ನಮ್ಮೂರ ಕಟ್ಟೆಯ ಮೇಲೆ ಕೂತು ದೊಡ್ಡವರ ಹಿಂದಿನಿಂದ “ಮಳ್ಳ ಯಾಂವ್ ಅಂತೇನಿ?” ಅಂತ ಕೇಳುವ ಮುದುಕರ ಧಾಟಿ ಅದು.

ರನ್ನನ ನಂತರ ಈ ಶಬ್ದದ ದಾರಿ ಎರಡಾಯಿತು. ಶರಣರ ಕೈಯಲ್ಲಿ ಅದಕ್ಕೆ ಮರ್ಯಾದೆ ಬಂತು. ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವ ಅಂತ ಒಬ್ಬ ಬರುತ್ತಾನೆ. ಬಸವಣ್ಣನ ಮನೆಯಂಗಳದಲ್ಲೇ ವರ್ಷಗಟ್ಟಲೆ ಹುಚ್ಚನ ಹಾಗೆ ಇದ್ದವನು, ಯಾರಿಗೂ ಗುರುತು ಸಿಕ್ಕಿರಲಿಲ್ಲ, ಅಲ್ಲಮ ಬಂದು ಗುರುತು ಹಿಡಿಯುತ್ತಾನೆ. ಮತ್ತೆ ಅದೇ ಪ್ರಶ್ನೆ ನೋಡಿ: ಅಂಗಳದಲ್ಲಿ ಕೂತವನು ಮರುಳೋ, ಅವನನ್ನು ದಾಟಿಕೊಂಡು ಓಡಾಡಿದ ಮಂದಿ ಮರುಳೋ? ಮಧ್ಯ ಕರ್ನಾಟಕದಲ್ಲಿ ಮರುಳಸಿದ್ಧ, ಮರುಳಯ್ಯ ಅಂತ ಮಕ್ಕಳಿಗೆ ಹೆಸರಿಡುವ ರೂಢಿ ಇವತ್ತಿಗೂ ಇದೆ. ಇನ್ನೊಂದು ದಾರಿಯಲ್ಲಿ, ಅಂದರೆ ದಿನದ ಮಾತಿನಲ್ಲಿ, ಪಿಶಾಚಿಯ ಅರ್ಥ ನಿಧಾನವಾಗಿ ಉದುರಿಹೋಯಿತು. ಆ ಕೆಲಸಕ್ಕೆ ದೆವ್ವ ಬಂತು. ದೆವ್ವ ಅನ್ನುವುದು ದೈವದ ತದ್ಭವ ಅನ್ನುವುದು ಬೇರೆ ತಮಾಷೆ. ಘಟ್ಟದ ಕೆಳಗೆ ದೈವ ಅಂದರೆ ಕೈಮುಗಿಯುತ್ತಾರೆ, ನಮ್ಮಲ್ಲಿ ಅದೇ ಶಬ್ದಕ್ಕೆ ಬಾಗಿಲು ಹಾಕಿಕೊಳ್ಳುತ್ತೇವೆ.

ಉಳಿದ ಮರುಳಿಗೂ ಈಗ ಕಷ್ಟಕಾಲ. ಬರೆಯುವವರು ಇದನ್ನು ಮರಳು ಅಂತ ಬರೆಯುತ್ತಾರೆ. “ಆಮಿಷಕ್ಕೆ ಮರಳಾಗಬೇಡಿ” ಅನ್ನುವ ಫ್ಲೆಕ್ಸು ನೀವೂ ನೋಡಿರುತ್ತೀರಿ. ಮರಳಾಗುವುದು ಅಂದರೆ ಏನು, ಲಾರಿ ಹತ್ತುವುದಾ? ನಮ್ಮಲ್ಲಿ ಈ ಗೊಂದಲ ಇಲ್ಲ, ನಮಗೆ ಅದು ಉಸುಕು. ಅರವತ್ತಕ್ಕೆ ಬರುವ ಅರುಳುಮರುಳು ಕೂಡ ಅರಳುಮರಳು ಆಗಿ ಎಷ್ಟೋ ಕಾಲವಾಯಿತು. ಬೇಂದ್ರೆ ತಮ್ಮ ಸಂಕಲನಕ್ಕೆ ಅರಳು ಮರಳು ಅಂತ ಹೆಸರಿಟ್ಟು 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡರು. ಮತ್ತೆ ಅರಳುವುದು, ಮರಳಿ ಬರುವುದು ಎಲ್ಲವನ್ನೂ ಅದರಲ್ಲಿ ತುಂಬಿದರು. ಬೇಂದ್ರೆ ಮಾಡಿದರೆ ಶ್ಲೇಷೆ, ಫ್ಲೆಕ್ಸಿನವನು ಮಾಡಿದರೆ ಕಾಗುಣಿತ ತಪ್ಪು. ಇರಲಿ.

ಹಾಗಾದರೆ ಕಾಟಕ್ಕೂ ಭ್ರಮೆಗೂ ಒಂದೇ ಹೆಸರಿಡುವ ಬುದ್ಧಿ ನಮ್ಮ ಭಾಗದಿಂದ ಪೂರ್ತಿ ಹೋಗಿಬಿಟ್ಟಿತೇ? ಇಲ್ಲ. ಅದು ಗಡಿ ದಾಟಿ ಮರಾಠಿಯ ಅಂಗಿ ಹಾಕಿಕೊಂಡು ವಾಪಸ್ ಬಂದಿದೆ. ನಿಪ್ಪಾಣಿ, ಚಿಕ್ಕೋಡಿ ಕಡೆ ಯಾರಾದರೂ ಹಳಬರನ್ನು ಚಕವಾ ಅಂದರೆ ಏನು ಅಂತ ಕೇಳಿ ನೋಡಿ.

ಮರಾಠಿಯಲ್ಲಿ ಚಕವಾ ಕೊಡುವುದು ಅಂದರೆ ಕಣ್ಣು ತಪ್ಪಿಸಿ ಯಾಮಾರಿಸುವುದು. ಅದೇ ಚಕವಾ ಒಂದು ದೆವ್ವದ ಹೆಸರೂ ಹೌದು. ಈ ದೆವ್ವ ರಕ್ತ ಕುಡಿಯುವುದಿಲ್ಲ, ಬಿಳಿ ಸೀರೆ ಉಡುವುದಿಲ್ಲ, ಕಾಲು ಹಿಂದುಮುಂದಾಗಿಯೂ ಇರುವುದಿಲ್ಲ. ಅದಕ್ಕೆ ಮೈಯೇ ಇಲ್ಲ. ಅದು ಮಾಡುವುದು ಒಂದೇ ಕೆಲಸ, ರಾತ್ರಿ ನಡೆಯುವವನ ದಾರಿ ತಪ್ಪಿಸುವುದು. ನೀವು ನಡೆಯುತ್ತೀರಿ, ನಡೆಯುತ್ತೀರಿ, ನಡೆದು ನಡೆದು ಹೊರಟ ಬೇವಿನ ಗಿಡದ ಬುಡಕ್ಕೇ ಬಂದು ನಿಂತಿರುತ್ತೀರಿ. ಇದು ಕಥೆ ಅನ್ನಿಸಿದರೆ ಒಮ್ಮೆ ನಮ್ಮ ಕಡೆಯ ಕಬ್ಬಿನ ಗದ್ದೆಗೆ ರಾತ್ರಿ ಹೋಗಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತದೆ. ರಾತ್ರಿ ಪಾಳಿ ಇದ್ದರೆ ರಾತ್ರಿಯೇ ಹೋಗಿ ನೀರು ತಿರುವಬೇಕು. ಉಗಾರದ ಸುತ್ತ, ಕೃಷ್ಣೆಯ ಎರಡೂ ದಂಡೆಗೆ, ಎತ್ತ ನೋಡಿದರೂ ಆಳೆತ್ತರ ಮೀರಿದ ಕಬ್ಬು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ವ್ಯತ್ಯಾಸ ಇಲ್ಲ. ಬ್ಯಾಟರಿಯ ಬೆಳಕು ನಾಲ್ಕು ಮಾರು ಹೋಗಿ ಎಲೆಗೆ ಬಡಿದು ನಿಲ್ಲುತ್ತದೆ. ಗಾಳಿ ಬೀಸಿದರೆ ಇಡೀ ಹೊಲ ಯಾರೋ ನಡೆದು ಬಂದ ಹಾಗೆ ಸದ್ದು ಮಾಡುತ್ತದೆ. ಮೋಡ ಇದ್ದರಂತೂ ಚುಕ್ಕಿಯೂ ಇಲ್ಲ.

ನಮ್ಮಜ್ಜನಿಗೆ ಎರಡು ಸಲ ಚಕವಾ ಹತ್ತಿತ್ತಂತೆ. ಅವನು ಅದನ್ನು ಹೆದರಿಕೆಯ ಕಥೆಯಾಗಿ ಹೇಳುತ್ತಿರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳುತ್ತಿದ್ದ. ಅದಕ್ಕೆ ಔಷಧವನ್ನೂ ಹೇಳುತ್ತಿದ್ದ: “ಇದ್ದಲ್ಲೇ ಕುಂದ್ರಬೇಕು ತಮ್ಮಾ. ಎದ್ದು ನಡದಷ್ಟೂ ಅದು ಕುಣಸ್ತೈತಿ. ಬೀಡಿ ಹಚ್ಚು, ಕುಂದ್ರು, ಮೂಡಲ ಹರೀತಂದ್ರ ದಾರಿ ತಾನ ಕಾಣ್ತೈತಿ.” ಮಂತ್ರ ಇಲ್ಲ, ತಾಯಿತ ಇಲ್ಲ, ಬೇವಿನ ತಪ್ಪಲಿಲ್ಲ.

2009ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಇದನ್ನೇ ಅಳೆದು ನೋಡಿದರು. ಜನರಿಗೆ ಜಿಪಿಎಸ್ ಕಟ್ಟಿ, ಜರ್ಮನಿಯ ಕಾಡಿನಲ್ಲೂ ಟುನೀಸಿಯದ ಮರಳುಗಾಡಿನಲ್ಲೂ ನೇರ ನಡೆಯಿರಿ ಅಂತ ಬಿಟ್ಟರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಹೆಚ್ಚುಕಡಿಮೆ ನೇರ ನಡೆದರು. ಮೋಡ ಮುಚ್ಚಿದಾಗ ಕಾಡಿನಲ್ಲಿದ್ದವರು ಸುತ್ತು ಹಾಕಿ ತಮ್ಮದೇ ಹೆಜ್ಜೆಯನ್ನು ದಾಟಿದರು, ಅದು ಅವರಿಗೆ ತಿಳಿಯಲೂ ಇಲ್ಲ. ಕಣ್ಣು ಕಟ್ಟಿದರೆ ಇನ್ನೂ ಸಣ್ಣ ಸುತ್ತು. ದಿಕ್ಕಿನ ಅಂದಾಜಿನಲ್ಲಿ ಒಂದೊಂದು ಹೆಜ್ಜೆಗೂ ಸೇರುವ ಚೂರುಪಾರು ತಪ್ಪು ಬೆಳೆಯುತ್ತ ಹೋಗುತ್ತದೆ, ಹೊರಗಿನ ಗುರುತು ಇಲ್ಲದೆ ಅದನ್ನು ತಿದ್ದಲು ಆಗುವುದಿಲ್ಲ. ಅಜ್ಜನ ಔಷಧ ಸರಿಯಾಗಿಯೇ ಇತ್ತು: ನಡೆಯಬೇಡ, ಸೂರ್ಯನಿಗೆ ಕಾಯಿ. ಅವನು ಅದನ್ನು ದೆವ್ವ ಅಂದ, ಇವರು ತಪ್ಪಿನ ಮೊತ್ತ ಅಂದರು. ಅಜ್ಜನ ಹೆಸರಿನಲ್ಲಿ ಒಂದು ಅನುಕೂಲ ಇತ್ತು. ದಾರಿ ತಪ್ಪಿಸಿದ್ದು ಹೊರಗಿನದೋ ಒಳಗಿನದೋ ಅಂತ ತೀರ್ಮಾನ ಮಾಡದೆಯೇ ಏನು ಮಾಡಬೇಕು ಅನ್ನುವುದನ್ನು ಅದು ಹೇಳುತ್ತಿತ್ತು.

ತೀರ್ಮಾನ ಮಾಡಿಬಿಟ್ಟರೆ ಏನಾಗುತ್ತದೆ ಅನ್ನುವುದೂ ನಮ್ಮೂರುಗಳಲ್ಲೇ ಕಾಣುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಊಟ ಬಿಟ್ಟಳು, ಮಾತು ಬಿಟ್ಟಳು, ರಾತ್ರಿ ಎದ್ದು ಕೂತಳು ಅನ್ನಿ. “ದೆವ್ವ ಬಡದೈತಿ” ಅನ್ನುವ ಎರಡು ಶಬ್ದ ಸಾಕು. ಕಾಟ ಹೊರಗಿನದು ಅಂತ ಆಯಿತು. ಹೊರಗಿನದನ್ನು ಓಡಿಸಬೇಕು, ಓಡಿಸಲು ಹೊಡೆಯಬೇಕು, ಏಟು ಬೀಳುವುದು ಮಾತ್ರ ಅವಳ ಮೈಗೆ. ಅವಳಿಗೆ ಆ ಮನೆಯಲ್ಲಿ ಏನಾಗಿತ್ತು ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಉತ್ತರ ಆಗಲೇ ಸಿಕ್ಕಿಬಿಟ್ಟಿದೆ. ಇದೇ ಹುಡುಗಿಗೆ “ಮರುಳಾಗೈತಿ” ಅಂದಿದ್ದರೆ? ಕನಿಷ್ಠ ಎರಡೂ ಬಾಗಿಲು ತೆರೆದಿರುತ್ತಿದ್ದವು. ನಗರದವರ ತೀರ್ಮಾನ ಇನ್ನೊಂದು ತುದಿಯದು: ಎಲ್ಲ ಒಳಗಿನದೇ, ಎಲ್ಲ ತಲೆಯದೇ. “ಧಾರವಾಡಕ್ಕ ಕಳಸ್ಬೇಕ ಇವನ್ನ” ಅಂತ ನಮ್ಮ ಕಡೆ ನಗುತ್ತಾರೆ, ಅಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆ ಇದೆ ಅಂತ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರು ಹೇಳಿ ನಗುತ್ತಾರೆ. ನಗುವಾಗ ಅವಳ ಗಂಡನ ಮನೆ ಎರಡೂ ಲೆಕ್ಕದಲ್ಲಿ ಪಾರಾಗುತ್ತದೆ.

ಜನ ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುವ 2017ರ ಕಾನೂನು ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು, ಚಪ್ಪಲಿ ನೆನೆಸಿದ ನೀರು ಕುಡಿಸುವುದನ್ನು ಅಪರಾಧ ಮಾಡಿತು. ಬೇಕಾಗಿತ್ತು, ಬಹಳ ಮೊದಲೇ ಬೇಕಾಗಿತ್ತು. ಆಚೆ ಮಹಾರಾಷ್ಟ್ರದಲ್ಲಿ ಇಂಥ ಕಾನೂನು ಬರಲು 2013ರಲ್ಲಿ ಪುಣೆಯಲ್ಲಿ ದಾಭೋಲ್ಕರ್ ಅವರ ಹೆಣ ಬೀಳಬೇಕಾಯಿತು. ನಮ್ಮ ಕಾಯ್ದೆ ವಾಸ್ತು ಸಲಹೆಯನ್ನೂ ಜ್ಯೋತಿಷ್ಯವನ್ನೂ ಮಾತ್ರ ಮುಟ್ಟಲಿಲ್ಲ. ಈಶಾನ್ಯ ಮೂಲೆಯಲ್ಲಿ ಟಾಯ್ಲೆಟ್ ಇದೆ ಅಂತ ಒಂದೂವರೆ ಕೋಟಿಯ ಫ್ಲ್ಯಾಟು ಬಿಟ್ಟ ಟೆಕ್ಕಿಗೆ ಮರುಳು ಅನ್ನುವ ಹೆಸರು ಹತ್ತುವುದಿಲ್ಲ. ಬೆಳಗಾವಿಯ ಸದಾಶಿವ ನಗರದ ಸ್ಮಶಾನದಲ್ಲಿ ಡಿಸೆಂಬರ್ 6ರಂದು ಸತೀಶ ಜಾರಕಿಹೊಳಿ ಅವರ ಮಾನವ ಬಂಧುತ್ವ ವೇದಿಕೆಯವರು ಸೇರುತ್ತಾರೆ, ಅಲ್ಲೇ ಊಟ, ಭಾಷಣ, ಹಾಡು, ರ‍ಾತ್ರಿ ವಾಸ್ತವ್ಯ. ನನಗೆ ಆ ಧೈರ್ಯ ಇಷ್ಟ. ಆದರೆ ಅದು ದೆವ್ವಕ್ಕೆ ಕೊಟ್ಟ ಉತ್ತರ. ದೆವ್ವ ಸ್ಮಶಾನದಲ್ಲಿ ಇಲ್ಲ ಅಂತ ತೋರಿಸಬಹುದು. ಮರುಳು ಅಲ್ಲಿದೆ ಅಂತ ಯಾರೂ ಹೇಳಿಯೇ ಇರಲಿಲ್ಲವಲ್ಲ.

ಈ ಎರಡು ಬಾಗಿಲ ನಡುವೆ ನಿಂತ ಒಂದು ಕನ್ನಡ ಸಿನಿಮಾ ಇದೆ, ನೀವೆಲ್ಲ ನೋಡಿದ್ದೇ. 2004ರ ಆಪ್ತಮಿತ್ರ. ಮೂಲ ಮಲಯಾಳದ್ದು, ಆದರೂ ನಾಗವಲ್ಲಿ ಈಗ ನಮ್ಮವಳೇ. ಅದನ್ನು ದೆವ್ವದ ಸಿನಿಮಾ ಅಂತ ನೋಡಿದವರು ಉಂಟು, ಮನೋರೋಗದ ಸಿನಿಮಾ ಅಂತ ವಾದಿಸಿದವರು ಉಂಟು. ಕೊನೆಯಲ್ಲಿ ಆಗುವುದೇನು? ಮನೋವೈದ್ಯನೂ ಆಚಾರ್ಯನೂ ಒಟ್ಟಿಗೆ ಕೂತು ಆಟ ಹೂಡುತ್ತಾರೆ. ಅವಳ ಮುಂದೆ ಬೊಂಬೆಯ ತಲೆ ಬೀಳುತ್ತದೆ, ನಾಗವಲ್ಲಿಯ ಸೇಡು ತೀರುತ್ತದೆ, ಗಂಗಾ ಎದ್ದು ಕೂರುತ್ತಾಳೆ. ಮರುಳನ್ನು ಮರುಳು ಮಾಡಿ ಬಿಡಿಸಿದ್ದು. ಈ ಒಂದು ವಾಕ್ಯದಲ್ಲಿ ದೆವ್ವ, ಭ್ರಮೆ ಅಂತ ಬೇರೆ ಶಬ್ದ ಹಾಕಿ ನೋಡಿ, ಕೂರುವುದಿಲ್ಲ.

ಈಗ ನಮ್ಮ ಉದ್ಯೋಗದ ವಿಷಯಕ್ಕೆ ಬರೋಣ. ಕಂಪ್ಯೂಟರಿನವರಿಗೆ ದೆವ್ವ ಹೊಸದಲ್ಲ. ನೀವು ನೋಡದ ಹೊತ್ತಲ್ಲಿ ಹಿಂದೆ ಓಡುತ್ತಿರುವ ಪ್ರೋಗ್ರಾಮಿಗೆ ಡೀಮನ್ ಅಂತ ಹೆಸರಿಟ್ಟದ್ದು ಅರುವತ್ತರ ದಶಕದ ಎಂಐಟಿಯವರು, ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿಯ ಭೂತದ ನೆನಪಿಗೆ. ಸತ್ತರೂ ಪಟ್ಟಿಯಿಂದ ಹೋಗದ ಪ್ರೋಸೆಸ್ಸಿಗೆ ಝೋಂಬಿ ಅನ್ನುತ್ತೇವೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಹೊಸ ಶಬ್ದ ಬಾಯಿಗೆ ಹತ್ತಿತು, ಹ್ಯಾಲುಸಿನೇಷನ್. ಯಂತ್ರ ಇಲ್ಲದ ಲೈಬ್ರರಿಯ ಹೆಸರು ಹೇಳುತ್ತದೆ, ಬರೆಯದ ಪುಸ್ತಕಕ್ಕೆ ಲೇಖಕನನ್ನು ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅದು ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು ಐದು ಸಾವಿರ ಡಾಲರ್ ದಂಡ ಹೊತ್ತರು.

ಕನ್ನಡದಲ್ಲಿ ಇದಕ್ಕೆ ಭ್ರಮೆ ಅಂತ ಬರೆಯುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಭ್ರಮೆ ಅನ್ನುವುದು ಭ್ರಮಿಸುವವನ ಒಳಗೆ ಮಾತ್ರ ಇರುವಂಥದ್ದು. ಇದು ಇದು, ಅದು ಅದು ಅಂತ ಗೊತ್ತಿರುವ ಮನಸ್ಸು ಒಂದು ಹೊತ್ತು ತಪ್ಪುವುದು. ಆ ಯಂತ್ರಕ್ಕೆ ನಿಜ ಕಂಡೇ ಇಲ್ಲ, ತಪ್ಪುವುದೆಲ್ಲಿ ಬಂತು? ಮುಂದಿನ ಶಬ್ದ ಯಾವುದು ಬರಬಹುದು ಅಂತ ಅಂದಾಜು ಮಾಡಿ ಸಾಲು ಜೋಡಿಸುವುದು ಅದರ ಕೆಲಸ, ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಅದು ಮಾಡುವ ಕೆಲಸ ಒಂದೇ. ರಣರಂಗದ ಮರುಳಿನ ಹಾಗೆ ತನ್ನ ಪಾಡಿಗೆ ಎದುರಿಗೆ ಬಿದ್ದದ್ದನ್ನು ತಿನ್ನುತ್ತಿದೆ. ಅದರ ಉತ್ತರವನ್ನು ಓದದೆ ಕಾಪಿ ಮಾಡಿ, ಪುಲ್ ರಿಕ್ವೆಸ್ಟ್ ಹಾಕಿ, “ಸರ್, ಅದು ಹ್ಯಾಲುಸಿನೇಟ್ ಮಾಡಿದೆ” ಅನ್ನುವ ನಮ್ಮ ಹುಡುಗ ಮರುಳೋ, ಅದು ಮರುಳೋ? ಭ್ರಮೆ ಅಂದರೆ ತಪ್ಪು ಅದರದ್ದೇ ಆಗಿಬಿಡುತ್ತದೆ. ಮರುಳು ಅಂದರೆ ಪ್ರಶ್ನೆ ಉಳಿಯುತ್ತದೆ. ಜೊತೆಗೆ ಅದರ ಎಲ್ಲ ರೂಪಗಳೂ ತಯಾರಿವೆ: ಅದು ಮರುಳುತ್ತರ ಕೊಟ್ಟಿತು, ನಾವು ಮರುಳಾದೆವು, ಮಾರಿದವರು ಮರುಳು ಮಾಡಿದರು. ಹೊಸ ಪಾರಿಭಾಷಿಕ ಪದ ಕಟ್ಟುವವರು ಸಂಸ್ಕೃತದ ಕೋಶ ತೆಗೆಯುವ ಮುಂಚೆ ಒಮ್ಮೆ ಮುಧೋಳದ ಕಡೆ ಹೊಳ್ಳಿ ನೋಡಬಹುದು. ಅಥವಾ ನಮ್ಮೂರ ಹಾಗೆ ಸೀದಾ ಮಳ್ಳ ಅನ್ನಬಹುದು, ನನ್ನದೇನೂ ಅಭ್ಯಂತರ ಇಲ್ಲ.

ಒಂದು ಗಾದೆ ಉಳಿದಿದೆ, ಎಲ್ಲರಿಗೂ ಗೊತ್ತಿರುವುದು: ಜನ ಮರುಳೋ ಜಾತ್ರೆ ಮರುಳೋ. ಇದನ್ನು ಹೇಳುವವರು ಹೆಚ್ಚಾಗಿ ಜಾತ್ರೆಗೆ ಹೋಗದವರು. ಗಾದೆಯನ್ನು ತೀರ್ಪಿನ ಹಾಗೆ ಹೇಳುತ್ತಾರೆ, ಜನ ಮರುಳು ಅಷ್ಟೇ ಅನ್ನುವ ಹಾಗೆ. ಆದರೆ ಅದರಲ್ಲಿ ಎರಡು ಓಕಾರ ಇವೆ, ಅದು ಪ್ರಶ್ನೆ. ಜನ ಸೇರಿದ್ದಕ್ಕೆ ಜಾತ್ರೆಗೆ ಮರುಳು ಹಿಡಿಯಿತೋ, ಜಾತ್ರೆ ಸೇರಿದ್ದಕ್ಕೆ ಜನಕ್ಕೆ ಹಿಡಿಯಿತೋ, ಗಾದೆ ಹೇಳುವುದಿಲ್ಲ. ರನ್ನನ ಪ್ರಶ್ನೆಯದೇ ಅಚ್ಚು, ಸಾವಿರ ವರ್ಷ ಬಾಯಿಂದ ಬಾಯಿಗೆ ಉರುಳಿ ಸವೆದಿದೆ.

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ಮಾಯಕ್ಕನ ಜಾತ್ರೆ. ಕೊಲ್ಲಾಪುರ, ಸಾಂಗ್ಲಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಅರ್ಧ ಮಂದಿ ಕನ್ನಡ, ಅರ್ಧ ಮಂದಿ ಮರಾಠಿ, ಎಲ್ಲರ ಕೈಯಲ್ಲೂ ಭಂಡಾರ. ಡೊಳ್ಳು ಏರುತ್ತಿದ್ದ ಹಾಗೆ ಗುಂಪಿನಲ್ಲಿ ಯಾರದೋ ಮೈ ಅದುರಲು ಶುರುವಾಗುತ್ತದೆ. ಕಳೆದ ಸಲ ನಾನು ಹೋದಾಗ ಪಕ್ಕದಲ್ಲಿ ಬೆಂಗಳೂರಿನ ಐಟಿ ಪಾರ್ಕಿನ ಬ್ಯಾಗು ನೇತುಹಾಕಿಕೊಂಡ ಒಬ್ಬ ಹುಡುಗ ಒಬ್ಬ ಮುದುಕಿ ಆಡುವುದನ್ನು ರೀಲ್ ಮಾಡುತ್ತಿದ್ದ. ಇದೇ ಗಾದೆಯನ್ನು ಕ್ಯಾಪ್ಶನ್ ಹಾಕಿ, ಎಷ್ಟು ಜನ ನೋಡಿದರು ಅಂತ ಎರಡೆರಡು ನಿಮಿಷಕ್ಕೆ ಪರದೆ ಕೆಳಗೆ ಎಳೆದು ಎಳೆದು ನೋಡುತ್ತಿದ್ದ. ಮುದುಕಿ ಆಟ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚಹಾ ಕುಡಿದು ಚಕ್ಕಡಿ ಹತ್ತಿ ಹೋದಳು. ಅವನು ಇನ್ನೂ ಎಳೆಯುತ್ತಲೇ ಇದ್ದ, ಕೈ ಮುಖ ಎಲ್ಲ ಹಳದಿ.